ಪರ–ವಿರೋಧಗಳ ನಡುವೆ ಕಳೆದುಹೋದ ಪ್ರಶ್ನೆ

ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಬೋಧಿಸುತ್ತಿದ್ದ ವರ್ಷಗಳಲ್ಲಿ ಅಂತರ ಕಾಲೇಜು ಚರ್ಚಾಸ್ಪರ್ಧೆಗೆ ವಿಷಯ ಗೊತ್ತುಮಾಡುವ ಹೊಣೆ ಹೆಚ್ಚುಕಡಿಮೆ ಪ್ರತಿ ಬಾರಿಯೂ ನನ್ನ ಹೆಗಲಿಗೇ ಬೀಳುತ್ತಿತ್ತು. ವಿಷಯ ಸರಳವಾಗಿರಬೇಕು, ಎರಡೂ ಕಡೆಯವರಿಗೆ ಮಾತನಾಡಲು ಅವಕಾಶವಿರಬೇಕು, ಸಭಾಂಗಣ ತುಂಬಬೇಕು. ನನ್ನ ಮಾನದಂಡ ಇಷ್ಟೇ. ಹಾಗಾಗಿ ನಾಲ್ಕೈದು ಸಲವಾದರೂ ‘ಹಿಂದಿ ರಾಷ್ಟ್ರಭಾಷೆಯಾಗಬೇಕು’ ಎಂಬ ವಿಷಯವನ್ನು ನಾನೇ ಕರಿಹಲಗೆಯ ಮೇಲೆ ಬರೆದಿದ್ದೇನೆ. ಪರವಾಗಿ ಮಾತನಾಡಿದವರು ದೇಶದ ಐಕ್ಯದ ಹೆಸರಿನಲ್ಲಿ ಚಪ್ಪಾಳೆ ಗಿಟ್ಟಿಸಿದರು. ವಿರೋಧವಾಗಿ ಮಾತನಾಡಿದವರು ಕನ್ನಡದ ಎರಡು ಸಾವಿರ ವರ್ಷಗಳ ಇತಿಹಾಸದ ಹೆಸರಿನಲ್ಲಿ ಅದಕ್ಕಿಂತ ದೊಡ್ಡ ಚಪ್ಪಾಳೆ ಗಿಟ್ಟಿಸಿದರು. ಪಾರಿತೋಷಕ ಯಾರಿಗೋ ಹೋಯಿತು. ಆದರೆ ಸಭಾಂಗಣದಿಂದ ಹೊರಬಂದ ಒಬ್ಬ ವಿದ್ಯಾರ್ಥಿಯೂ ಒಳಹೋದಾಗ ತನಗಿದ್ದ ಅಭಿಪ್ರಾಯವನ್ನು ಒಂದಿಷ್ಟೂ ಬದಲಿಸಿಕೊಂಡಿದ್ದನ್ನು ನಾನು ಕಂಡಿಲ್ಲ. ಆಗ ಅದನ್ನು ವಿದ್ಯಾರ್ಥಿಗಳ ಕೊರತೆ ಎಂದು ಭಾವಿಸಿದ್ದೆ. ಕೊರತೆ ನಾನು ಕೇಳಿದ ಪ್ರಶ್ನೆಯಲ್ಲಿತ್ತು ಎಂಬುದು ನಿವೃತ್ತಿಯ ನಂತರ ಹೊಳೆಯಿತು.

ಹೊಳೆಸಿದ್ದು ಒಂದು ಸಣ್ಣ ಘಟನೆ. ನಮ್ಮ ಬೀದಿಯ ವೃದ್ಧೆಯೊಬ್ಬರು ಪಿಂಚಣಿ ಹಣ ತೆಗೆಯಲು ಬ್ಯಾಂಕಿಗೆ ಹೋಗುವಾಗ ನನ್ನನ್ನೂ ಜೊತೆಗೆ ಕರೆದರು. ಅವರು ಕನ್ನಡ ಓದಬಲ್ಲರು, ಬರೆಯಬಲ್ಲರು. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಆದರೆ ಅಂದು ಆ ಶಾಖೆಯಲ್ಲಿ ಹಣ ತೆಗೆಯುವ ಚೀಟಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇತ್ತು. ಕೌಂಟರಿನಲ್ಲಿದ್ದ ತರುಣ ಬಿಹಾರದವನು, ಸಭ್ಯ. ಅಜ್ಜಿಯ ಮಾತು ಅವನಿಗೆ ಅರ್ಥವಾಗದು, ಅವನ ಮಾತು ಅಜ್ಜಿಗೆ ಅರ್ಥವಾಗದು. ಇಬ್ಬರ ನಡುವೆ ನಾನು ದುಭಾಷಿಯಾದೆ. ಕೆಲಸ ಮುಗಿದ ಮೇಲೆ ಕುತೂಹಲಕ್ಕೆ ಕೇಳಿದರೆ, ತನ್ನ ಮನೆಮಾತು ಭೋಜಪುರಿ, ಶಾಲೆಗೆ ಸೇರಿದ ಮೇಲೆ ಹಿಂದಿ ಕಲಿತೆ ಎಂದ. ‘ಅಕ್ಷರ ಬಲ್ಲವಳಾಗಿಯೂ ಹೆಬ್ಬೆಟ್ಟಿನವಳಂತೆ ನಿಂತೆನಲ್ಲಪ್ಪ’ ಎಂದು ದಾರಿಯಲ್ಲಿ ಅಜ್ಜಿ ಹೇಳಿದ ಮಾತು ಬಹಳ ದಿನ ನನ್ನ ಕಿವಿಯಲ್ಲಿತ್ತು.

ಮುದ್ರಿತ ನಮೂನೆಗಳು ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆ ಹೀಗೆ ಮೂರರಲ್ಲೂ ಗ್ರಾಹಕರಿಗೆ ಸಿಗಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಅಂದರೆ ಅಜ್ಜಿಯ ಕಷ್ಟಕ್ಕೆ ಹೊಸ ಕಾನೂನು ಬೇಕಿರಲಿಲ್ಲ, ಸಂವಿಧಾನದ ತಿದ್ದುಪಡಿಯಂತೂ ಬೇಕೇ ಇರಲಿಲ್ಲ. ಇದ್ದ ಸೂಚನೆ ಪಾಲನೆಯಾಗುತ್ತಿದೆಯೇ ಎಂದು ಯಾರಾದರೂ ಕೇಳಬೇಕಿತ್ತು. ಇಷ್ಟು ವರ್ಷಗಳಿಂದ ಭಾಷೆಯ ಹೆಸರಿನಲ್ಲಿ ನಮ್ಮ ಪಕ್ಷಗಳು ನಡೆಸಿದ ವಾಗ್ಯುದ್ಧಗಳಲ್ಲಿ ಈ ಪ್ರಶ್ನೆ ಎಷ್ಟು ಸಲ ಬಂದಿದೆ? ನನ್ನ ಚರ್ಚಾಸ್ಪರ್ಧೆಗಳಲ್ಲಂತೂ ಒಮ್ಮೆಯೂ ಬಂದಿರಲಿಲ್ಲ.

ದೇಶವನ್ನು ಒಡೆಯಬಲ್ಲ ವಿಷಯಗಳನ್ನು ಪಕ್ಷಗಳು ಎತ್ತಲೇಬಾರದು ಎಂದು ವಾದಿಸುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಭಾಷೆ, ಮೀಸಲಾತಿ, ವೈಯಕ್ತಿಕ ಕಾನೂನು, ನದಿ ನೀರು ಮೊದಲಾದವುಗಳ ಬಗ್ಗೆ ಭಿನ್ನಾಭಿಪ್ರಾಯ ಇರುವುದು ಸಹಜ. ಆ ಭಿನ್ನಾಭಿಪ್ರಾಯಗಳನ್ನು ಬೀದಿಯಿಂದ ಶಾಸನಸಭೆಗೆ ತರಲೆಂದೇ ಪಕ್ಷಗಳಿರುವುದು. ಆದರೆ ವಿಷಯವನ್ನು ಎತ್ತುವುದು ಬೇರೆ, ಅದನ್ನು ಯಾವ ಪ್ರಶ್ನೆಯ ರೂಪದಲ್ಲಿ ಜನರ ಮುಂದಿಡುತ್ತೇವೆ ಎಂಬುದು ಬೇರೆ. ಉತ್ತರವಿರುವ ಪ್ರಶ್ನೆಯನ್ನು ಕೇಳಿದರೆ ಜಗಳ ಒಂದು ದಿನ ಮುಗಿಯುತ್ತದೆ. ನಿಷ್ಠೆಯ ಪರೀಕ್ಷೆಯನ್ನೇ ಪ್ರಶ್ನೆಯ ವೇಷದಲ್ಲಿ ಮುಂದಿಟ್ಟರೆ ಅದಕ್ಕೆ ಕೊನೆಯೇ ಇರುವುದಿಲ್ಲ. ನಮ್ಮ ಗಣರಾಜ್ಯದ ಭಾಷಾ ವಿವಾದದ ಚರಿತ್ರೆ ಈ ಎರಡಕ್ಕೂ ನಿದರ್ಶನಗಳನ್ನು ಒದಗಿಸುತ್ತದೆ.

ಸಂವಿಧಾನ ರಚನಾ ಸಭೆಯಲ್ಲಿ ಅತಿಹೆಚ್ಚು ಕಾವೇರಿದ ಚರ್ಚೆಗಳಲ್ಲಿ ಭಾಷೆಯದೂ ಒಂದು. ಕಡೆಗೆ 1949ರ ಸೆಪ್ಟೆಂಬರ್ 14ರಂದು ಮುನ್ಷಿ–ಅಯ್ಯಂಗಾರ್ ಸೂತ್ರವೆಂದು ಹೆಸರಾದ ರಾಜಿಯನ್ನು ಸಭೆ ಒಪ್ಪಿಕೊಂಡಿತು. ದೇವನಾಗರಿ ಲಿಪಿಯ ಹಿಂದಿ ಒಕ್ಕೂಟದ ಅಧಿಕೃತ ಭಾಷೆ. ಅಂಕಿಗಳು ಅಂತರರಾಷ್ಟ್ರೀಯ ರೂಪದವು. ಇಂಗ್ಲಿಷ್ ಇನ್ನೂ ಹದಿನೈದು ವರ್ಷ ಮುಂದುವರಿಯತಕ್ಕದ್ದು. ಅಂಕಿಗಳ ರೂಪದ ಬಗ್ಗೆಯೂ ದಿನಗಟ್ಟಲೆ ಹಗ್ಗಜಗ್ಗಾಟ ನಡೆಯಿತೆಂಬುದು ಇಂದು ವಿಚಿತ್ರವಾಗಿ ಕಾಣಬಹುದು. ಆದರೆ ಸಭೆಯ ವಿವೇಕವೂ ಇದರಲ್ಲಿತ್ತು. ‘ರಾಷ್ಟ್ರಭಾಷೆ’ ಎಂಬ ಪದವನ್ನು ಸಂವಿಧಾನ ಯಾವ ಭಾಷೆಗೂ ಬಳಸಲಿಲ್ಲ. ಸರ್ಕಾರದ ಕಡತ ಯಾವ ಭಾಷೆಯಲ್ಲಿರಬೇಕೆಂಬುದಕ್ಕೆ ಉತ್ತರ ಕೊಡಬಹುದು, ರಾಷ್ಟ್ರದ ಆತ್ಮ ಯಾವ ಭಾಷೆಯಲ್ಲಿದೆ ಎಂಬುದಕ್ಕೆ ಕೊಡಲಾಗದು. ಸಭೆ ಮೊದಲನೆಯದನ್ನು ಮಾತ್ರ ಉತ್ತರಿಸಿತು. ಅದು ಬಿಟ್ಟ ಪದವನ್ನೇ ನಾನು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ.

ಆದರೆ ಹದಿನೈದು ವರ್ಷದ ಗಡುವಿನಲ್ಲಿ ಒಂದು ಮುಳ್ಳು ಉಳಿದಿತ್ತು. 1955ರಲ್ಲಿ ಬಿ.ಜಿ. ಖೇರ್ ಅಧ್ಯಕ್ಷತೆಯಲ್ಲಿ ರಚನೆಯಾದ ರಾಜಭಾಷಾ ಆಯೋಗದ ವರದಿಗೆ ಮದ್ರಾಸಿನ ಪಿ. ಸುಬ್ಬರಾಯನ್ ಮತ್ತು ಬಂಗಾಳದ ಸುನೀತಿ ಕುಮಾರ್ ಚಟರ್ಜಿ ಭಿನ್ನಮತ ಬರೆದರು. 1959ರಲ್ಲಿ ಪ್ರಧಾನಿ ನೆಹರೂ, ಹಿಂದಿಯೇತರ ಪ್ರದೇಶಗಳ ಜನ ಬಯಸುವವರೆಗೂ ಇಂಗ್ಲಿಷ್ ಮುಂದುವರಿಯುತ್ತದೆಂದು ಲೋಕಸಭೆಯಲ್ಲಿ ಭರವಸೆ ಕೊಟ್ಟರು. ಅದು ಪ್ರಾಮಾಣಿಕ ಭರವಸೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೆ ಕಾನೂನಿನ ರೂಪ ಕೊಡಲು ಬಂದ 1963ರ ಅಧಿಕೃತ ಭಾಷಾ ಕಾಯ್ದೆ, 1965ರ ನಂತರವೂ ಇಂಗ್ಲಿಷನ್ನು ಬಳಸುವುದನ್ನು ‘ಮುಂದುವರಿಸಬಹುದು’ ಎಂದಿತೇ ವಿನಾ ‘ಮುಂದುವರಿಸತಕ್ಕದ್ದು’ ಎನ್ನಲಿಲ್ಲ. ಆಗ ರಾಜ್ಯಸಭೆಯ ಸದಸ್ಯರಾಗಿದ್ದ ಸಿ.ಎನ್. ಅಣ್ಣಾದುರೈ ಈ ಮಸೂದೆಯನ್ನು ವಿರೋಧಿಸಿದರು. ಮುಂದುವರಿಸಬಹುದೆಂದರೆ ಮುಂದುವರಿಸದೆಯೂ ಇರಬಹುದೆಂದೇ ಅರ್ಥವಲ್ಲವೇ ಎಂಬುದು ವಿರೋಧಿಗಳ ಆತಂಕವಾಗಿತ್ತು. ಆಳುವ ಪಕ್ಷದವರಿಗೆ ಇದು ಕೇವಲ ಪದಗಳ ತಕರಾರಾಗಿ ಕಂಡಿತು. 1964ರ ಮೇ ತಿಂಗಳಲ್ಲಿ ನೆಹರೂ ತೀರಿಕೊಂಡರು. ಭರವಸೆ ಕೊಟ್ಟವರು ಹೋದರು, ಕಾಯ್ದೆಯಲ್ಲಿದ್ದ ಪದ ಮಾತ್ರ ಉಳಿಯಿತು.

ಆ ಒಂದು ಪದಕ್ಕೆ ತೆತ್ತ ಬೆಲೆ ನಮಗೆಲ್ಲ ಗೊತ್ತಿದೆ. ಗಡುವು ಮುಗಿಯುವ 1965ರ ಜನವರಿ 26 ಹತ್ತಿರವಾದಂತೆ ಮದ್ರಾಸ್ ರಾಜ್ಯದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದರು. ಕೆಲವರು ಮೈಗೆ ಬೆಂಕಿ ಹಚ್ಚಿಕೊಂಡರು. ಪೊಲೀಸರು ಗುಂಡು ಹಾರಿಸಿದರು. ಹತ್ತಾರು ಜೀವಗಳು ಹೋದವು. ಕೇಂದ್ರದಲ್ಲಿ ಸಚಿವರಾಗಿದ್ದ ಸಿ. ಸುಬ್ರಮಣ್ಯಂ ಮತ್ತು ಓ.ವಿ. ಅಳಗೇಶನ್ ರಾಜೀನಾಮೆಗೆ ಮುಂದಾದರು. ಫೆಬ್ರುವರಿ 11ರಂದು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಕಾಶವಾಣಿಯಲ್ಲಿ ನೆಹರೂ ಭರವಸೆಯನ್ನು ಉಳಿಸಿಕೊಳ್ಳುವುದಾಗಿ ಘೋಷಿಸಿದ ಮೇಲೆಯೇ ಕಾವು ಇಳಿಯತೊಡಗಿತು.

ಈ ಕಥೆಯಲ್ಲಿ ಕರ್ನಾಟಕದ ಒಂದು ಪುಟವೂ ಇದೆ. ಗಲಭೆಯ ನಡುವೆ, 1965ರ ಜನವರಿ ಕೊನೆಯಲ್ಲಿ, ಮೈಸೂರು ರಾಜ್ಯದ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ, ಕಾಂಗ್ರೆಸ್ ಅಧ್ಯಕ್ಷ ಕೆ. ಕಾಮರಾಜ್, ಬಂಗಾಳದ ಅತುಲ್ಯ ಘೋಷ್ ಮತ್ತು ಆಂಧ್ರದ ನೀಲಂ ಸಂಜೀವ ರೆಡ್ಡಿ ಬೆಂಗಳೂರಿನಲ್ಲಿ ಸೇರಿ, ಹಿಂದಿಯನ್ನು ಹೇರಬಾರದೆಂದು ಮನವಿ ಮಾಡಿದರು. ಅದೇ ಹೊತ್ತಿಗೆ ಅದೇ ಪಕ್ಷದ ಮೊರಾರ್ಜಿ ದೇಸಾಯಿ ಹಿಂದಿ ಕಲಿತರೆ ತಮಿಳರಿಗೇ ಲಾಭವೆಂದು ಪ್ರತಿಪಾದಿಸುತ್ತಿದ್ದರು. ಎರಡೂ ಅಭಿಪ್ರಾಯಗಳಿಗೆ ಪಕ್ಷದೊಳಗೆ ಸ್ಥಾನವಿತ್ತು ಎಂಬುದು ಕಾಂಗ್ರೆಸ್ಸಿನ ಹೆಚ್ಚುಗಾರಿಕೆ. ಆ ಎರಡೂ ಅಭಿಪ್ರಾಯಗಳು ಮುಖಾಮುಖಿಯಾಗಿ ಒಂದು ನಿಲುವಿಗೆ ಬರಲು ಹೆಣಗಳು ಬೀಳುವವರೆಗೆ ಕಾಯಬೇಕಾಯಿತು ಎಂಬುದು ಅದರ ವೈಫಲ್ಯ. ನಿಜಲಿಂಗಪ್ಪನವರು ಜನವರಿ ಕೊನೆಯಲ್ಲಿ ಆಡಿದ ಮಾತನ್ನು ಪಕ್ಷ ಒಂದು ವರ್ಷ ಮೊದಲೇ ಆಡಬಹುದಿತ್ತಲ್ಲವೇ?

ಮುಂದೆ 1967ರಲ್ಲಿ ದ್ರಾವಿಡ ಮುನ್ನೇತ್ರ ಕಳಗಂ ಮದ್ರಾಸಿನಲ್ಲಿ ಅಧಿಕಾರಕ್ಕೆ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಹಿಂದಿಯನ್ನು ಅಧಿಕೃತ ಭಾಷೆಯಾಗಿ ಒಪ್ಪಿಕೊಳ್ಳದ ಎಲ್ಲ ರಾಜ್ಯಗಳ ಶಾಸನಸಭೆಗಳೂ ಇಂಗ್ಲಿಷ್ ಬೇಡವೆಂದು ನಿರ್ಣಯಿಸಿ, ಅದರ ನಂತರ ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ, ಗೊತ್ತುಪಡಿಸಿದ ಕೆಲಸಗಳಿಗೆ ಇಂಗ್ಲಿಷ್ ಮುಂದುವರಿಯತಕ್ಕದ್ದು ಎಂಬ ವ್ಯವಸ್ಥೆ ಬಂತು. ಅದು ಇಂದಿಗೂ ಇದೆ. ಈ ತಿದ್ದುಪಡಿಯ ನಂತರ ಅಧಿಕೃತ ಭಾಷೆಯ ಕಾರಣಕ್ಕೆ 1965ರ ಪ್ರಮಾಣದ ರಕ್ತಪಾತವನ್ನು ದೇಶ ಮತ್ತೆ ಕಂಡಿಲ್ಲ. ನೆಹರೂ ಭಾಷಣದಲ್ಲಿ ಹೇಳಿದ್ದಕ್ಕೂ ತಿದ್ದುಪಡಿ ಹೇಳಿದ್ದಕ್ಕೂ ಸಾರದಲ್ಲಿ ವ್ಯತ್ಯಾಸ ಕಡಿಮೆ. ಆದರೆ ಒಂದು ದೊಡ್ಡವರ ಮಾತು, ಇನ್ನೊಂದು ಸಣ್ಣವರೂ ಕೈಯಲ್ಲಿ ಹಿಡಿದು ತೋರಿಸಬಹುದಾದ ಕಾನೂನು. ವಿಭಜಕ ವಿಷಯಗಳಲ್ಲಿ ಪಕ್ಷಗಳು ಕಲಿಯಬೇಕಾದ ಮೊದಲ ಪಾಠ ಇದೇ: ಭಯಪಟ್ಟವರಿಗೆ ‘ನಮ್ಮನ್ನು ನಂಬಿ’ ಎನ್ನಬೇಡಿ, ನಂಬದೆಯೂ ನೆಮ್ಮದಿಯಿಂದ ಇರುವಂಥ ವ್ಯವಸ್ಥೆಯನ್ನು ಬರೆದುಕೊಡಿ.

ಎರಡನೆಯ ಪಾಠ, ಗಂಟು ಹಾಕಿದ ಪ್ರಶ್ನೆಗಳನ್ನು ಬಿಡಿಸುವುದು. ‘ಹಿಂದಿ ಬೇಕೇ ಬೇಡವೇ’ ಎಂಬುದು ಒಂದು ಪ್ರಶ್ನೆಯಂತೆ ಕಂಡರೂ ಅದರೊಳಗೆ ಐದಾರು ಪ್ರಶ್ನೆಗಳಿವೆ. ಕೇಂದ್ರದ ಕಚೇರಿಗಳ ಕಡತ ಯಾವ ಭಾಷೆಯಲ್ಲಿರಬೇಕು? ಶಾಲೆಯಲ್ಲಿ ಮಗು ಯಾವ ತರಗತಿಯಿಂದ ಎಷ್ಟು ಭಾಷೆ ಕಲಿಯಬೇಕು? ನೌಕರಿಯ ಪರೀಕ್ಷೆಯನ್ನು ಯಾವ ಭಾಷೆಯಲ್ಲಿ ಬರೆಯಬಹುದು? ಬ್ಯಾಂಕು, ರೈಲು, ಅಂಚೆಯಲ್ಲಿ ನಾಗರಿಕನಿಗೆ ಯಾವ ಭಾಷೆಯಲ್ಲಿ ಸೇವೆ ಸಿಗಬೇಕು? ಬೇರೆ ಬೇರೆ ಪ್ರಾಂತಗಳ ಇಬ್ಬರು ಭೇಟಿಯಾದಾಗ ಯಾವ ಭಾಷೆಯಲ್ಲಿ ಮಾತನಾಡಬೇಕು? ಕೊನೆಯದು ಸರ್ಕಾರ ಉತ್ತರಿಸಬೇಕಾದ ಪ್ರಶ್ನೆಯೇ ಅಲ್ಲ. ಉಳಿದವುಗಳಿಗೆ ಬೇರೆ ಬೇರೆ ಉತ್ತರಗಳು ಸಾಧ್ಯ. ಮಗುವಿಗೆ ಹಿಂದಿ ಕಲಿಸಲು ಬಯಸುವ ತಂದೆಯೂ ತನ್ನ ಬ್ಯಾಂಕಿನ ಚೀಟಿ ಕನ್ನಡದಲ್ಲಿರಲಿ ಎಂದು ಕೇಳಬಹುದು. ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಅವನು ತನ್ನ ಅರ್ಧ ಅಭಿಪ್ರಾಯವನ್ನು ಬಿಟ್ಟು ಯಾವುದೋ ಒಂದು ಬಣಕ್ಕೆ ಸೇರಬೇಕಾಗುತ್ತದೆ.

ಬಿಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಈಚಿನ ಉದಾಹರಣೆ ಇದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ನೇಮಕಾತಿ ಪರೀಕ್ಷೆ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ ಎಂಬ ಪ್ರಕಟಣೆಗೆ ದಕ್ಷಿಣದಲ್ಲಿ ವಿರೋಧ ವ್ಯಕ್ತವಾಯಿತು. ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಗೃಹ ಸಚಿವ ಅಮಿತ್ ಶಾ ಅವರಿಗೆ ಪತ್ರ ಬರೆದರು. ಇಬ್ಬರೂ ಭಾಷೆಯ ವಿಷಯದಲ್ಲಿ ಎದುರು ಬದುರು ನಿಂತವರು. ಆದರೂ ಕೆಲವೇ ದಿನಗಳಲ್ಲಿ, ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲು ಗೃಹ ಸಚಿವಾಲಯ ಒಪ್ಪಿತು. 2024ರ ಜನವರಿಯಿಂದ ಅದು ಜಾರಿಗೆ ಬರುವುದೆಂದು ತಿಳಿಸಿತು. ಯಾರೂ ತಮ್ಮ ಸಿದ್ಧಾಂತವನ್ನು ಬಿಟ್ಟುಕೊಡಬೇಕಾಗಲಿಲ್ಲ. ಕೇಳಿದ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸಲು ಸಾಧ್ಯವಿತ್ತು, ಅಷ್ಟೇ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ತೀರ್ಮಾನ 2019ರಲ್ಲಿ ಬಂದದ್ದೂ, ಕನ್ನಡದ ಮಕ್ಕಳು ಅವಕಾಶ ಕಳೆದುಕೊಳ್ಳುತ್ತಿದ್ದಾರೆಂಬ ಇಂಥದೇ ನಿರ್ದಿಷ್ಟ ಬೇಡಿಕೆಯಿಂದ.

ಇದಕ್ಕೆ ಹೋಲಿಸಿದರೆ 2017ರಲ್ಲಿ ಬೆಂಗಳೂರಿನ ಮೆಟ್ರೊ ನಿಲ್ದಾಣಗಳ ಹಿಂದಿ ಫಲಕಗಳ ವಿವಾದ ಬೇರೆಯದೇ ಜಾಡು ಹಿಡಿಯಿತು. ಫಲಕಗಳಿಂದ ಹಿಂದಿ ಹೋಯಿತು. ಸಂಕೇತಗಳು ಮುಖ್ಯವಲ್ಲವೆಂದು ನಾನು ಹೇಳುವುದಿಲ್ಲ; ತನ್ನ ಊರಿನಲ್ಲಿ ತನ್ನ ಲಿಪಿಗೆ ಮೊದಲ ಸ್ಥಾನ ಕೇಳುವುದು ನ್ಯಾಯವೇ. ಆದರೆ ಎಲ್ಲ ಪಕ್ಷಗಳೂ ಫಲಕದ ಬಗ್ಗೆ ಹೇಳಿಕೆ ಕೊಟ್ಟು ದಣಿದ ಮೇಲೆ, ಬ್ಯಾಂಕಿನ ಚೀಟಿ, ವಿಮೆಯ ಕರಾರುಪತ್ರ, ಔಷಧದ ಸೂಚನೆಗಳ ಬಗ್ಗೆ ಮಾತನಾಡಲು ಯಾರಿಗೂ ಉಸಿರು ಉಳಿದಂತೆ ಕಾಣಲಿಲ್ಲ.

ಮೂರನೆಯ ಪಾಠ, ತಾನು ಸೂಚಿಸುವ ಪರಿಹಾರದ ಭಾರ ಯಾರ ಮೇಲೆ ಬೀಳುತ್ತದೆಂದು ಪಕ್ಷ ತಾನೇ ಹೇಳುವುದು. ತ್ರಿಭಾಷಾ ಸೂತ್ರ ಕಾಗದದ ಮೇಲೆ ಸಮತೂಕದ್ದು. ದಕ್ಷಿಣದ ಮಗು ಹಿಂದಿ ಕಲಿಯಬೇಕು, ಉತ್ತರದ ಮಗು ಇನ್ನೊಂದು ಆಧುನಿಕ ಭಾರತೀಯ ಭಾಷೆಯನ್ನು, ಸಾಧ್ಯವಾದರೆ ದಕ್ಷಿಣದ ಒಂದು ಭಾಷೆಯನ್ನು ಕಲಿಯಬೇಕು ಎಂದು 1968ರ ಸಂಸತ್ತಿನ ನಿರ್ಣಯ ಹೇಳಿತು. ವಾಸ್ತವದಲ್ಲಿ ಹಿಂದಿ ರಾಜ್ಯಗಳ ಬಹುತೇಕ ಶಾಲೆಗಳಲ್ಲಿ ಮೂರನೆಯ ಭಾಷೆಯ ಸ್ಥಾನವನ್ನು ಸಂಸ್ಕೃತ ತುಂಬಿತು. ಸೂತ್ರವನ್ನು ಸಮರ್ಥಿಸುವ ಪಕ್ಷ ಲಖನೌದಲ್ಲಿ ನಿಂತು ‘ನಿಮ್ಮ ಮಕ್ಕಳು ಕನ್ನಡ ಕಲಿಯಬೇಕು, ಅದಕ್ಕೆ ಇಷ್ಟು ಶಿಕ್ಷಕರನ್ನು ನೇಮಿಸುತ್ತೇವೆ’ ಎಂದು ಹೇಳಿದ್ದರೆ, ಅದು ಬೆಂಗಳೂರಿನಲ್ಲಿ ಆಡುವ ಮಾತಿಗೆ ತೂಕ ಬರುತ್ತಿತ್ತು. ಒಂದು ಪಕ್ಷ ಪ್ರಾಮಾಣಿಕವಾಗಿದೆಯೇ ಎಂದು ತಿಳಿಯಲು ನನಗೆ ತೋರುವ ಸುಲಭದ ಒರೆಗಲ್ಲು ಇದು: ಅದು ಇಲ್ಲಿ ಹೇಳಿದ್ದನ್ನೇ ಅಲ್ಲಿಯೂ ಹೇಳುತ್ತದೆಯೇ?

ಇದು ದಕ್ಷಿಣೋತ್ತರಗಳ ಜಗಳ ಮಾತ್ರವಲ್ಲ ಎಂಬುದನ್ನು 2025ರಲ್ಲಿ ಮಹಾರಾಷ್ಟ್ರ ತೋರಿಸಿತು. ದೇವನಾಗರಿ ಲಿಪಿಯನ್ನೇ ಬಳಸುವ, ಹಿಂದಿ ಚಿತ್ರರಂಗದ ತವರಾದ ರಾಜ್ಯ ಅದು. ಅಲ್ಲಿ ಒಂದನೆಯ ತರಗತಿಯಿಂದ ಹಿಂದಿಯನ್ನು ಮೂರನೆಯ ಭಾಷೆಯಾಗಿ ಕಲಿಸಬೇಕೆಂಬ ಆದೇಶ ಏಪ್ರಿಲ್‌ನಲ್ಲಿ ಹೊರಟಿತು, ಭಾರಿ ವಿರೋಧದ ನಂತರ ಜೂನ್ ಕೊನೆಯಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡು ಸಮಿತಿಯೊಂದನ್ನು ನೇಮಿಸಿತು. ಆರು ವರ್ಷದ ಮಗುವಿಗೆ ಮೂರು ಭಾಷೆ ಬೇಕೇ, ಕಲಿಸುವವರಾರು, ಯಾವ ಪಾಠದ ಅವಧಿಯನ್ನು ಕಡಿತ ಮಾಡಬೇಕು ಎಂಬ ಪ್ರಶ್ನೆಗಳನ್ನು ಸಮಿತಿ ಮೊದಲು ಕೇಳಿ, ಆದೇಶ ನಂತರ ಹೊರಟಿದ್ದರೆ? ಇಲ್ಲಿ ಕ್ರಮ ತಿರುಗುಮುರುಗಾಯಿತು. ಆದೇಶ ಬಂದ ಮರುಕ್ಷಣವೇ ವಿಷಯ ಮಗುವಿನ ಕೈಬಿಟ್ಟು ಮರಾಠಿ ಅಸ್ಮಿತೆಯ ಕೈಗೆ ಹೋಯಿತು.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ಎದುರಾಳಿಯ ವಾದವನ್ನು ಎದುರಾಳಿಯೇ ಒಪ್ಪುವಂತೆ ಒಮ್ಮೆ ಹೇಳಿ, ಅನಂತರ ಖಂಡಿಸುವುದು. ಹಿಂದಿ ಹೇರಿಕೆಯನ್ನು ವಿರೋಧಿಸುವ ನಾವು ರಾಮಮನೋಹರ ಲೋಹಿಯಾ ಅವರ ಇಂಗ್ಲಿಷ್ ವಿರೋಧವನ್ನು ಬರಿಯ ಉತ್ತರದ ಹಟವೆಂದು ತಳ್ಳಿಹಾಕಿಬಿಡುತ್ತೇವೆ. ಆದರೆ ಅವರ ಮೂಲ ತಕರಾರು ಬೇರೆ. ಕೆಲವೇ ಜನರಿಗೆ ಬರುವ ಭಾಷೆಯಲ್ಲಿ ಆಡಳಿತ ನಡೆದರೆ ಅಧಿಕಾರ ಆ ಕೆಲವರಲ್ಲೇ ಉಳಿಯುತ್ತದೆ ಎಂಬುದು. ನಮ್ಮ ಬೀದಿಯ ಅಜ್ಜಿಯ ಮುಂದಿದ್ದ ಚೀಟಿಯಲ್ಲಿ ಹಿಂದಿ ಮಾತ್ರವಲ್ಲ, ಇಂಗ್ಲಿಷೂ ಇತ್ತಲ್ಲ. ಅದೂ ಅವರಿಗೆ ಗೋಡೆಯೇ. ಹಾಗೆಯೇ, ಹಿಂದಿಯ ಪರ ಇರುವವರು ಇಂಗ್ಲಿಷಿಗೆ ಅಂಟಿಕೊಂಡ ದಕ್ಷಿಣದವರನ್ನು ದಾಸ್ಯಬುದ್ಧಿಯವರೆಂದು ಹಳಿಯುವ ಮೊದಲು ಒಂದು ಸರಳ ಸಂಗತಿಯನ್ನು ಗಮನಿಸಬೇಕು. ಇಂಗ್ಲಿಷ್ ಎಲ್ಲರಿಗೂ ಸಮಾನ ದೂರದಲ್ಲಿದೆ. ಹಿಂದಿ ಕೆಲವರಿಗೆ ಮನೆಯಲ್ಲಿ, ಕೆಲವರಿಗೆ ನೂರು ಗಾವುದದಲ್ಲಿದೆ. ಸ್ಪರ್ಧಾ ಪರೀಕ್ಷೆಯ ಕೊಠಡಿಯಲ್ಲಿ ಈ ಅಂತರ ಅಂಕಗಳಾಗಿ ಪರಿವರ್ತಿತವಾಗುತ್ತದೆ.

ಎದುರಾಳಿಯನ್ನು ಅರಿಯುವುದೆಂದರೆ ಅವನು ಒಂದೇ ಬಣ್ಣದವನಲ್ಲವೆಂದು ಅರಿಯುವುದೂ ಹೌದು. 2011ರ ಜನಗಣತಿಯ ಪ್ರಕಾರ ದೇಶದ ಶೇ 43ಕ್ಕೂ ಹೆಚ್ಚು ಜನ ಹಿಂದಿ ಭಾಷಿಕರು. ಆದರೆ ಆ ಲೆಕ್ಕದೊಳಗೆ ಭೋಜಪುರಿ, ಛತ್ತೀಸಗಢಿ, ಮಗಹಿ, ರಾಜಸ್ಥಾನಿ ಮೊದಲಾದ ಐವತ್ತಕ್ಕೂ ಹೆಚ್ಚು ಮನೆಮಾತುಗಳನ್ನು ಸೇರಿಸಲಾಗಿದೆ. ಭೋಜಪುರಿಯೊಂದನ್ನೇ 5 ಕೋಟಿಗೂ ಹೆಚ್ಚು ಜನ ಮಾತೃಭಾಷೆಯೆಂದು ಬರೆಸಿದ್ದರು. ಅದು ಕನ್ನಡಿಗರ ಸಂಖ್ಯೆಗಿಂತ ಹೆಚ್ಚು. ನಮ್ಮ ಶಾಖೆಯ ಕೌಂಟರಿನ ಆ ತರುಣನೂ ಶಾಲೆಯಲ್ಲಿ ಪರಭಾಷೆ ಕಲಿತವನೇ. ಅವನನ್ನು ಹೇರಿಕೆಯ ಪ್ರತಿನಿಧಿಯೆಂದು ಕಂಡು ಕೂಗಾಡಿದ್ದರೆ ನನ್ನ ಸಿಟ್ಟು ತಣಿಯುತ್ತಿತ್ತು, ನಿಜ. ಅವನನ್ನು ಭಾಷೆ ಕಲಿಸದೆ ಇಲ್ಲಿಗೆ ಕಳುಹಿಸಿದ ವ್ಯವಸ್ಥೆಗೆ ಅದು ಕೇಳಿಸುತ್ತಿರಲಿಲ್ಲ.

ಐದನೆಯ ಪಾಠ ನಮ್ಮ ಮನೆಯದು. ಹೊರಗೆ ಕೇಳುವ ನ್ಯಾಯವನ್ನು ಒಳಗೂ ಪಾಲಿಸುತ್ತೇವೆಯೇ? ಮೈಥಿಲಿ, ಬೋಡೊ, ಡೋಗ್ರಿ, ಸಂತಾಲಿಗಳನ್ನು 2003ರ ತಿದ್ದುಪಡಿ ಎಂಟನೆಯ ಪರಿಚ್ಛೇದಕ್ಕೆ ಸೇರಿಸಿತು. 18 ಲಕ್ಷಕ್ಕೂ ಹೆಚ್ಚು ಜನ ಆಡುವ ತುಳು ಆಗ ಸೇರಲಿಲ್ಲ. ತುಳು, ಕೊಡವ, ಬ್ಯಾರಿ, ಲಂಬಾಣಿ ಮಾತನಾಡುವ ಮಗುವಿಗೆ ಕನ್ನಡವೇ ಶಾಲೆಯ ಭಾಷೆ. ಅದು ಅನಿವಾರ್ಯವೂ ಇರಬಹುದು, ಉಪಯುಕ್ತವೂ ಇರಬಹುದು. ಆದರೆ ಹಿಂದಿಯ ಪರವಾಗಿ ದೆಹಲಿಯವರು ನಮಗೆ ಹೇಳುವುದೂ ಇದೇ ಮಾತನ್ನಲ್ಲವೇ? 1981ರ ಗೋಕಾಕ್ ವರದಿ, ಅದರ ಜಾರಿಗಾಗಿ ಮರುವರ್ಷ ಡಾ. ರಾಜ್‌ಕುಮಾರ್ ಅವರ ಮುಂದಾಳತ್ವದಲ್ಲಿ ನಡೆದ ಚಳವಳಿ ಕನ್ನಡಿಗರ ಆತ್ಮಗೌರವವನ್ನು ಎತ್ತಿಹಿಡಿದವು. ಆ ಚಳವಳಿಯ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡಲಾಗದೆಂದು 2014ರಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ತೀರ್ಪು ಕೊಟ್ಟಾಗ, ನಮ್ಮ ಪಕ್ಷಗಳು ತೀರ್ಪನ್ನು ಖಂಡಿಸಿದಷ್ಟು ಉತ್ಸಾಹದಿಂದ, ಪೋಷಕರು ಕನ್ನಡ ಶಾಲೆಯನ್ನು ಏಕೆ ತೊರೆಯುತ್ತಿದ್ದಾರೆ ಎಂದು ಕೇಳಲಿಲ್ಲ. ಕೇಳಿದ್ದರೆ ಉತ್ತರ ಶಾಲೆಯ ಕೊಠಡಿ, ಶಿಕ್ಷಕರ ಕೊರತೆ, ಮುಂದಿನ ಉದ್ಯೋಗ ಇವುಗಳ ಬಳಿಗೆ ಬರುತ್ತಿತ್ತು. ಅದು ಆಯವ್ಯಯದ ಪ್ರಶ್ನೆಯಾಗುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಭಾವನೆಯಿಲ್ಲದೆ ರಾಜಕಾರಣವುಂಟೇ? 1965ರ ಕಿಚ್ಚು ಇಲ್ಲದಿದ್ದರೆ 1967ರ ತಿದ್ದುಪಡಿ ಬರುತ್ತಿತ್ತೇ? ಬಹುಶಃ ಬರುತ್ತಿರಲಿಲ್ಲ. ಸಂಯಮದ ಉಪದೇಶ ಸದಾ ನೊಂದವರಿಗೇ ಏಕೆ ಎಂಬ ಪ್ರಶ್ನೆಯಲ್ಲಿಯೂ ಹುರುಳಿದೆ. ಈ ಮಾತಿಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಭಾವನೆ ಪ್ರಶ್ನೆಯನ್ನು ಮೇಜಿನ ಮೇಲೆ ತರಬಲ್ಲದು, ಅದನ್ನು ಬಿಡಿಸಲಾರದು ಎಂದಷ್ಟೇ ಹೇಳಬಲ್ಲೆ. ಅಣ್ಣಾದುರೈ ಅವರ ಪಕ್ಷ ಬೀದಿಯಲ್ಲಿ ಘೋಷಣೆ ಕೂಗಿತು. ಅದೇ ಹೊತ್ತಿಗೆ ಅವರು ಸಂಸತ್ತಿನಲ್ಲಿ ಕಾಯ್ದೆಯ ಮಾತಿನ ಬಗ್ಗೆ ವಾದಿಸಿದರು. ತಮಗೆ ಏನು ಬೇಕೆಂದು ಕಾನೂನಿನ ಭಾಷೆಯಲ್ಲಿ ಹೇಳಬಲ್ಲವರಾದ್ದರಿಂದಲೇ ಗೆದ್ದಾಗ ಕೈಗೆ ಸಿಕ್ಕಿದ್ದು ಉಳಿಯಿತು. ಇಂದಿನ ಅನೇಕ ಚಳವಳಿಗಳಲ್ಲಿ ಕಾಣದಿರುವುದು ಆ ಎರಡನೆಯ ಭಾಗ.

ಮನಸ್ಸು ಬದಲಿಸಿದವರನ್ನು ಹಂಗಿಸದಿರುವುದೂ ಪಕ್ಷಗಳ ಕರ್ತವ್ಯವೇ. 1937ರಲ್ಲಿ ಮದ್ರಾಸ್ ಪ್ರಾಂತದ ಪ್ರಧಾನಿಯಾಗಿ ರಾಜಾಜಿ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಹೊರಟರು. ಪ್ರತಿಭಟಿಸಿದವರನ್ನು ಜೈಲಿಗೆ ಕಳುಹಿಸಿದರು. ಎರಡು ದಶಕಗಳ ನಂತರ ಅದೇ ರಾಜಾಜಿ ಹಿಂದಿಯೊಂದನ್ನೇ ಅಧಿಕೃತ ಭಾಷೆ ಮಾಡುವುದರ ಪ್ರಬಲ ವಿರೋಧಿಯಾದರು, 1967ರ ಚುನಾವಣೆಯಲ್ಲಿ ಅವರ ಸ್ವತಂತ್ರ ಪಕ್ಷ ಹಳೆಯ ಎದುರಾಳಿಗಳೊಂದಿಗೇ ಕೈಜೋಡಿಸಿತು. ಇಂದಾಗಿದ್ದರೆ ಅವರ ಹಳೆಯ ಭಾಷಣದ ತುಣುಕನ್ನು ದಿನವಿಡೀ ದೂರದರ್ಶನದ ವಾಹಿನಿಗಳು ಬಿತ್ತರಿಸುತ್ತಿದ್ದವು. ನಿಲುವು ಬದಲಿಸುವುದನ್ನೇ ದ್ರೋಹವೆಂದು ಕರೆದರೆ ಚರ್ಚೆಗೆ ಅರ್ಥವೇನು ಉಳಿಯಿತು?

ಮತದಾರನಿಗೆ ಇಂಥ ಸೂಕ್ಷ್ಮಗಳು ಬೇಡ, ಘೋಷಣೆ ಸಾಕು ಎನ್ನುವ ಪಕ್ಷದ ಕಾರ್ಯಕರ್ತರನ್ನು ನಾನು ಬಲ್ಲೆ. ನಮ್ಮದೇ ರಾಜ್ಯದ ಅನುಭವ ಬೇರೆ ಹೇಳುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ 135 ಸ್ಥಾನ ಕೊಟ್ಟ ಕರ್ನಾಟಕ, ಮರುವರ್ಷ ಲೋಕಸಭೆಗೆ ಅದೇ ಪಕ್ಷದಿಂದ ಒಂಬತ್ತು ಮಂದಿಯನ್ನಷ್ಟೇ ಕಳುಹಿಸಿತು. ಯಾವ ಪಕ್ಷಕ್ಕೆ ಇದು ಸಿಹಿ, ಯಾವುದಕ್ಕೆ ಕಹಿ ಎಂಬುದು ಇಲ್ಲಿ ಮುಖ್ಯವಲ್ಲ. ಬೆಂಗಳೂರಿಗೆ ಕೇಳುವ ಪ್ರಶ್ನೆ ಬೇರೆ, ದೆಹಲಿಗೆ ಕೇಳುವ ಪ್ರಶ್ನೆ ಬೇರೆ ಎಂದು ಬಿಡಿಸಿ ನೋಡಬಲ್ಲ ಮತದಾರನಿಗೆ ಭಾಷೆಯ ಗಂಟನ್ನು ಬಿಡಿಸಿ ತೋರಿಸಿದರೆ ಅರ್ಥವಾಗದೇ?

ಹಾಗಾಗಿ ಮುಂದಿನ ಸಲ ಮತ ಕೇಳಲು ಬಂದವರಿಗೆ, ಅವರು ಯಾವ ಪಕ್ಷದವರೇ ಇರಲಿ, ನಾನು ಮೂರು ಪ್ರಶ್ನೆ ಕೇಳಬೇಕೆಂದಿದ್ದೇನೆ. ಈ ವಿಷಯದಲ್ಲಿ ನೀವು ಬಯಸುವ ಬದಲಾವಣೆಯನ್ನು ಕಾಯ್ದೆಯ ಒಂದು ವಾಕ್ಯವಾಗಿ ಬರೆದು ತೋರಿಸಬಲ್ಲಿರಾ? ಅದರಿಂದ ಯಾರಿಗೆ ತೊಂದರೆಯಾಗುತ್ತದೆ, ಅವರಿಗೆ ಏನು ಹೇಳುವಿರಿ? ಇದೇ ಮಾತನ್ನು ನಿಮ್ಮ ಪಕ್ಷ ಇನ್ನೊಂದು ರಾಜ್ಯದಲ್ಲಿಯೂ ಹೇಳುತ್ತದೆಯೇ? ಮೂರಕ್ಕೂ ಉತ್ತರಿಸಿದವರ ಅಭಿಪ್ರಾಯ ನನ್ನದಕ್ಕೆ ವಿರುದ್ಧವಾಗಿದ್ದರೂ ಅವರೊಡನೆ ಕುಳಿತು ಮಾತನಾಡಬಹುದು.

ಅಂದಹಾಗೆ, ಆ ದಿನ ಶಾಖೆಯ ವ್ಯವಸ್ಥಾಪಕರಿಗೆ ಒಂದು ಅರ್ಜಿ ಬರೆದುಕೊಟ್ಟು ಬಂದಿದ್ದೆ. ಅದರಲ್ಲಿ ಕನ್ನಡದ ಹಿರಿಮೆಯ ಬಗ್ಗೆ ಒಂದು ಮಾತೂ ಇರಲಿಲ್ಲ. ಮೂರು ಭಾಷೆಯ ಚೀಟಿಗಳು ಸರಬರಾಜಾಗಿವೆಯೇ, ಆಗಿದ್ದರೆ ಎಲ್ಲಿವೆ, ಆಗದಿದ್ದರೆ ಯಾವಾಗ ಬರುತ್ತವೆ ಎಂದಷ್ಟೇ ಕೇಳಿದ್ದೆ. ಮುಂದಿನ ತಿಂಗಳು ಅಜ್ಜಿ ಪಿಂಚಣಿಗೆ ಹೊರಟಾಗ ನನ್ನನ್ನು ಕರೆಯಲಿಲ್ಲ. ಸಂಜೆ ಬಂದು, ಚೀಟಿಯನ್ನು ತಾವೇ ತುಂಬಿದ್ದಾಗಿಯೂ, ಆ ಬಿಹಾರದ ಹುಡುಗ ‘ನಮಸ್ಕಾರ ಅಜ್ಜಿ’ ಎಂದದ್ದಾಗಿಯೂ ಹೇಳಿದರು.